ಔಟ್

ಇಂಗ್ಲಿಷಿನಿಂದ ಬಂದು ‘ಔಟ್’ನಷ್ಟು ನಮ್ಮದಾಗಿಬಿಟ್ಟ ಮಾತು ಇನ್ನೊಂದಿರಲಿಕ್ಕಿಲ್ಲ. ಕುಮಟೆಯ ಮಣಕಿ ಮೈದಾನದಲ್ಲಿ ಬ್ಯಾಟು ಹಿಡಿದ ಪೋರನಿಗೂ ಅದು ಗೊತ್ತು. ಪ್ರಶ್ನೆಪತ್ರಿಕೆ ಔಟಾಗುತ್ತದೆ, ಚುನಾವಣೆಯಲ್ಲಿ ಸೋತವರು ಔಟಾಗುತ್ತಾರೆ. ಆದರೆ ಅದೇ ಅರ್ಥದ ಕನ್ನಡ ಮಾತೊಂದು ಹೆಂಗಸರಿಗೆಂದೇ ನಮ್ಮ ಮನೆಗಳಲ್ಲಿ ಮೊದಲೇ ಇತ್ತು: ‘ಹೊರಗೆ’. ಆಟದ ಪಿರಿಯಡ್ಡಿನಲ್ಲಿ ಹುಡುಗಿಯೊಬ್ಬಳು ಬಳಿಗೆ ಬಂದು, ‘ಅಕ್ಕೋರೇ, ನಾನು ಹೊರಗೆ’ ಎಂದು ಪಿಸುಗುಟ್ಟಿದರೆ ಯಾವ ಮೂರು ದಿನದ ಮಾತೆಂದು ಬಿಡಿಸಿ ಕೇಳಬೇಕಾಗಿಲ್ಲ.

ಕಬಡ್ಡಿಯಲ್ಲಿ ದಾಳಿಗೆ ಬಂದವಳು ಮುಟ್ಟಿ, ನಡುಗೆರೆ ದಾಟಿ ಮರಳಿದರೆ ಮುಟ್ಟಿಸಿಕೊಂಡವಳು ಔಟ್. ಅಲ್ಲಿಯೂ ಮುಟ್ಟಿನಿಂದಲೇ ಹೊರಗೆ! ಆದರೆ ತಂಡದವರು ಎದುರಾಳಿಯೊಬ್ಬಳನ್ನು ಔಟ್ ಮಾಡಿದರೆ ಹೊರಗಿದ್ದವಳೊಬ್ಬಳು ಒಳಕ್ಕೆ ಬರುತ್ತಾಳೆ. ಮೊದಲು ಹೋದವಳು ಮೊದಲು ಬರಬೇಕೆಂಬ ಸರದಿಯೂ ಉಂಟು. ಹೊರಗಿದ್ದವಳನ್ನು ಒಳತರುವುದು ಒಳಗಿದ್ದವರ ಕೆಲಸ. ಮನೆಯಲ್ಲಿ ಹಾಗಲ್ಲ, ಸುಮ್ಮನೆ ದಿನ ಎಣಿಸಬೇಕು.

ಕ್ರಿಕೆಟ್ಟಿನಲ್ಲಿ ಔಟಾದವನಿಗೆ ಆ ಇನಿಂಗ್ಸ್ ಮುಗಿದಂತೆಯೇ. ಆದರೂ 1980ರ ಫೆಬ್ರುವರಿಯಲ್ಲಿ, ಮುಂಬಯಿಯ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ, ಭಾರತದ ನಾಯಕರಾಗಿದ್ದ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರು ಅಂಪೈರ್ ಔಟ್ ಕೊಟ್ಟ ಇಂಗ್ಲೆಂಡಿನ ಬಾಬ್ ಟೇಲರರನ್ನು, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಾಪಸು ಕರೆಸಿದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಅಂಪೈರ್ ಹೇಳಿದ ಮೇಲೆ ನಾಯಕನಿಗೇಕೆ ಉಸಾಬರಿ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ನನ್ನೊಡನೆ ವಾದಿಸಿದ್ದರು. ನನಗೆ ಹಿಡಿಸುವುದು ಅದೇ: ಆ ಔಟಿನಿಂದ ಲಾಭವಿದ್ದವರೇ ಅದು ಸರಿಯಲ್ಲವೆಂದರು.

ನಮ್ಮ ಮನೆಗಳಲ್ಲಿ ಕರೆಸಬೇಕಾದವರು ಯಾರು? ನಿಯಮ ಕಾಯುತ್ತಿರುವವರು ಅಜ್ಜಿಯರು, ಅತ್ತೆಯರು. ತಾವೂ ಹಾಗೆಯೇ ಮೂಲೆಯಲ್ಲಿ ಕೂತು ಬಂದವರು. ‘ಹೆಂಗಸರಿಗೆ ವಿಶ್ರಾಂತಿ ಸಿಗಲೆಂದು ಮಾಡಿದ್ದು’ ಎನ್ನುವವರಿದ್ದಾರೆ. ಇರಬಹುದು. ದಣಿದವಳನ್ನು ಕೂರಿಸಿ ಬದಲಿಯವಳನ್ನು ಇಳಿಸುವುದು ಕಬಡ್ಡಿಯಲ್ಲಿಯೂ ಉಂಟು. ಆದರೆ ಹಾಗೆ ಕೂತವಳನ್ನು ಯಾರೂ ಔಟ್ ಎನ್ನುವುದಿಲ್ಲ. ಅವಳ ತಾಟು, ಚಾಪೆ ಬೇರೆ ಇಡುವುದಿಲ್ಲ.

ನಮ್ಮ ತಂಡದ ಹುಡುಗಿಯೊಬ್ಬಳು ತನ್ನ ಎರಡನೆಯ ದಿನವೇ ಪಂದ್ಯವಿಡೀ ಆಡಿದಳು, ಗೆದ್ದಳು. ಮನೆಯಲ್ಲಿ ಅಜ್ಜಿ ಪದಕಕ್ಕೆ ನೀರು ಚಿಮುಕಿಸಿ ದೇವರ ಮುಂದಿಟ್ಟರಂತೆ. ಮರುದಿನ ಅವಳೇ ನಗುತ್ತ ಹೇಳಿದಳು: ‘ಪದಕ ಒಳಗೆ ಹೋಯ್ತು ಅಕ್ಕೋರೇ, ನಾನು ನಾಳೆವರೆಗೆ ಔಟ್.’