ಹಸಿರು ಸೀಸೆ, ನೇರಳೆ ಸೀಸೆ

ಧಾರವಾಡದ ಮನೆ ಖಾಲಿ ಮಾಡುವಾಗ ಸೋದರತ್ತೆಯ ಕಪಾಟಿನಿಂದ ನನ್ನ ಪಾಲಿಗೆ ಎರಡು ಸೆಂಟಿನ ಸೀಸೆಗಳು ಬಂದವು. ಎರಡಕ್ಕೂ ಒಂದೇ ಆಕಾರ, ಸೇಬಿನ ಹಣ್ಣಿನ ಹಾಗೆ ದುಂಡಗೆ. ನೇರಳೆ ಬಣ್ಣದ್ದರಲ್ಲಿ ತಳ ಒದ್ದೆಯಾಗುವಷ್ಟು ಮಾತ್ರ ಉಳಿದಿತ್ತು. ಹಸಿರು ಬಣ್ಣದ್ದು ಕತ್ತಿನವರೆಗೂ ತುಂಬಿತ್ತು. ಪುಣೆಯ ನನ್ನ ಬಾಡಿಗೆ ಮನೆಯ ಕಪಾಟಿನಲ್ಲಿ ಅವು ಈಗ ಅಕ್ಕಪಕ್ಕ ಕೂತಿವೆ. ಅವನ್ನು ನೋಡಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಇನ್ನೊಬ್ಬರಿಗಾಗಿ ನಾವು ನಮ್ಮನ್ನು ಎಷ್ಟು ತಿಳಿಯಾಗಿಸಿಕೊಳ್ಳಬೇಕು?

ನೇರಳೆ ಸೀಸೆಯದು ‘ಪಾಯ್ಸನ್’. ಪ್ಯಾರಿಸ್ಸಿನ ಡಿಯೋರ್ ಮನೆತನ 1985ರಲ್ಲಿ ಹೊರತಂದ ಸುಗಂಧ. ಎಡ್ವಾರ್ ಫ್ಲೆಶಿಯೆ ಎಂಬ ಗಂಧಕಾರ ಇದನ್ನು ಕಟ್ಟಿದ್ದು ಸುಗಂಧರಾಜ, ಪ್ಲಮ್ ಹಣ್ಣು, ಕೊತ್ತಂಬರಿ ಬೀಜ, ಧೂಪದ ಗಾಢ ವಾಸನೆಗಳಿಂದ. ಹೆಸರೇ ವಿಷ. ಹಚ್ಚಿಕೊಂಡವರು ಬರುವ ಮೊದಲೇ ಕೋಣೆಗೆ ಬರುವ, ಅವರು ಹೋದ ಮೇಲೂ ಹೋಗದ ಪರಿಮಳ. ಇದನ್ನು ಹಚ್ಚಿಕೊಂಡು ಒಳಗೆ ಬರಬೇಡಿ ಎಂದು ಅಮೆರಿಕದ ಕೆಲವು ರೆಸ್ಟೋರೆಂಟುಗಳು ಹೇಳಿದವೆಂಬ ಕತೆ ಸುಗಂಧಪ್ರಿಯರ ನಡುವೆ ಇಂದಿಗೂ ಓಡಾಡುತ್ತದೆ.

ಹಸಿರು ಸೀಸೆಯದು ‘ತಾಂದ್ರ್ ಪಾಯ್ಸನ್’, ಅಂದರೆ ಕೋಮಲ ವಿಷ. 1994ರಲ್ಲಿ ಅದೇ ಫ್ಲೆಶಿಯೆ ಮಾಡಿದ್ದು. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಜನ ನೀರಿನಂಥ, ಈಗಷ್ಟೇ ಸ್ನಾನ ಮಾಡಿ ಬಂದಂಥ ವಾಸನೆಗಳ ಕಡೆ ವಾಲಿದ್ದರು. ‘ಸಿಕೆ ಒನ್’ ಬಂದದ್ದೂ ಅದೇ ವರ್ಷ. ಆದರೆ ಕೋಮಲ ವಿಷ ಎಂದರೆ ಹಳೆಯ ವಿಷಕ್ಕೆ ನೀರು ಬೆರೆಸಿದ್ದಲ್ಲ. ಇದರಲ್ಲಿಯೂ ಸುಗಂಧರಾಜ ಇದೆ, ಆದರೆ ಅದರ ಸುತ್ತ ಫ್ರೀಸಿಯಾ ಹೂವು ಬಂದಿದೆ, ಗಾಲ್ಬನಂ ಎಂಬ ರಾಳದ ಹಸಿ ಎಲೆಯ ವಾಸನೆ ಬಂದಿದೆ. ಗಾಲ್ಬನಂ ನಮ್ಮ ಅಡುಗೆಮನೆಯ ಇಂಗಿನ ಕುಲಕ್ಕೇ ಸೇರಿದ ಗಿಡದ್ದು. ಇಂಗಿನ ದಾಯಾದಿಯೊಂದು ಪ್ಯಾರಿಸ್ಸಿನಲ್ಲಿ ಇಷ್ಟು ಸೌಮ್ಯವಾಗಿ ನಡೆದುಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಇನ್ನು ಅತ್ತೆಯ ಕತೆ. ಇಪ್ಪತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡವಳು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಳು. ಹಬ್ಬ, ಮದುವೆ, ಮುಂಜಿ ಎಂದರೆ ಮನೆಯ ಹೆಂಗಸರಿಗೆಲ್ಲ ಹೂವು ಹಂಚುವ ತಟ್ಟೆ ಬರುತ್ತಿತ್ತು. ಅತ್ತೆಯ ಮುಂದೆ ಅದು ನಿಲ್ಲುತ್ತಿರಲಿಲ್ಲ. ಯಾರೂ ಏನೂ ಹೇಳುತ್ತಿರಲಿಲ್ಲ, ತಟ್ಟೆ ಸುಮ್ಮನೆ ಮುಂದೆ ಹೋಗುತ್ತಿತ್ತು. ಎಂಬತ್ತರ ದಶಕದ ಕೊನೆಗೆ ದುಬೈಯಿಂದ ಬಂದ ಸಂಬಂಧಿಯೊಬ್ಬ ಅವಳ ಕೈಗೆ ನೇರಳೆ ಸೀಸೆ ಕೊಟ್ಟ. ಸುಗಂಧರಾಜದ ದಂಡೆ ಮುಡಿಯುವಂತಿರಲಿಲ್ಲ, ಸೀಸೆಯೊಳಗಿನ ಸುಗಂಧರಾಜವನ್ನು ತಡೆಯುವ ಶಾಸ್ತ್ರ ಇನ್ನೂ ಯಾರಿಗೂ ಹೊಳೆದಿರಲಿಲ್ಲ. ಅವಳು ಧಾರಾಳವಾಗಿ ಹಚ್ಚಿಕೊಂಡಳು.

ಆಗ ಶುರುವಾಯಿತು. “ಮೂಗಿಗೆ ಹೊಡೀತದ,” “ತಲಿ ಸಿಡೀತದ,” “ಸ್ವಲ್ಪ ಕಡಿಮಿ ಹಚ್ಕೋಬಾರದೇನು?” ಅದೇ ಮನೆಯಲ್ಲಿ ದಿನಕ್ಕೆರಡು ಹೊತ್ತು ಊದುಬತ್ತಿ ಹೊಗೆಯಾಡುತ್ತಿತ್ತು, ಯಾರ ತಲೆಯೂ ಸಿಡಿಯುತ್ತಿರಲಿಲ್ಲ. 1996ರ ಸುಮಾರಿಗೆ ಚಿಕ್ಕಪ್ಪ ವಿದೇಶದಿಂದ ಬರುವಾಗ ಹಸಿರು ಸೀಸೆ ತಂದ. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಅವಳ ಆಸೆಯೂ ಉಳಿಯಲಿ, ಮನೆಯವರ ಮಾತೂ ನಡೆಯಲಿ ಎಂದು. ಅತ್ತೆ ಮಣಿಕಟ್ಟಿಗೆ ಹಚ್ಚಿ ಮೂಸಿ ನನಗೂ ಹಿಡಿದಳು. “ಛಲೋ ಅದ ಕೂಸ. ಆದ್ರ ಇದು ಬಾಗಲಾಗ ನಿಂತು ‘ಒಳಗ ಬರ್ಲೇನ್ರಿ?’ ಅಂತ ಕೇಳ್ತದ. ನಾ ಹಂಗ ಕೇಳೋದು ಬಿಟ್ಟು ಭಾಳ ವರ್ಷ ಆತು.” ಹಸಿರು ಸೀಸೆ ಕಪಾಟು ಸೇರಿತು.

ಬಹಳ ಕಾಲ ನನಗೆ ಈ ಕತೆಯ ನೀತಿ ಸರಳವಾಗಿ ಕಾಣುತ್ತಿತ್ತು: ಯಾರಿಗೂ ತಿಳಿಯಾಗಬೇಡ. ಪುಣೆಯಲ್ಲಿ ಕೆಲಸ ಸಿಕ್ಕಾಗ ಮೊದಲ ಸಂಬಳದಲ್ಲಿ ನೇರಳೆ ಸೀಸೆಯ ಹೊಸದೊಂದನ್ನು ಕೊಂಡೆ, ದಿನವೂ ಆಫೀಸಿಗೆ ಹಚ್ಚಿಕೊಂಡು ಹೋದೆ. ಒಂದು ದಿನ ಪಕ್ಕದ ಮೇಜಿನ ಮರಾಠಿ ಸಹೋದ್ಯೋಗಿ ನನ್ನನ್ನು ಕಾಫಿಗೆ ಕರೆದು, ಮಾತಿಗೆ ತಡಕಾಡುತ್ತ, ನನ್ನ ಸೆಂಟಿನಿಂದ ಅವಳಿಗೆ ಮೈಗ್ರೇನ್ ಬರುತ್ತದೆ ಎಂದಳು. ನನಗೆ ಕೇಳಿಸಿದ್ದು ಅವಳ ದನಿಯಲ್ಲ, ಧಾರವಾಡದ ಪಡಸಾಲೆಯ ದನಿಗಳು. ಮುಖ ಬಿಗಿದುಕೊಂಡು ಎದ್ದು ಬಂದೆ. ಮರುದಿನವೂ ಅದನ್ನೇ ಹಚ್ಚಿಕೊಂಡು ಹೋದೆ. ಮಧ್ಯಾಹ್ನ ಖಾಲಿ ಮೀಟಿಂಗ್ ರೂಮಿನಲ್ಲಿ ದೀಪ ಆರಿಸಿ, ಒದ್ದೆ ಕರವಸ್ತ್ರ ಕಣ್ಣಿಗೆ ಒತ್ತಿಕೊಂಡು ಅವಳು ಕೂತಿದ್ದನ್ನು ನೋಡಿದೆ. ಬಾಗಿಲು ತೆರೆದವಳು ನಾನೆಂದು ಅವಳಿಗೆ ವಾಸನೆಯಿಂದಲೇ ಗೊತ್ತಾಯಿತು. ಕಣ್ಣು ತೆರೆಯದೆ ಕೈಯೆತ್ತಿ, ಹತ್ತಿರ ಬರಬೇಡ ಎಂದು ಸನ್ನೆ ಮಾಡಿದಳು.

ಜರ್ಮನ್ ತತ್ವಜ್ಞಾನಿ ಕಾಂಟ್ 1790ರಲ್ಲಿ ಸೌಂದರ್ಯದ ಕುರಿತು ಬರೆದ ಗ್ರಂಥದಲ್ಲಿ ಈ ಕೋಣೆಗೆ ಸರಿಹೊಂದುವ ಮಾತೊಂದಿದೆ. ಅವನ ದೂರು ನಿಜಕ್ಕೂ ಸಂಗೀತದ ಮೇಲೆ: ಅದು ಬೇಡದವರ ಕಿವಿಗೂ ನುಗ್ಗುತ್ತದೆ ಎಂದು. ಹೋಲಿಕೆಗೆ ಅವನು ತಂದದ್ದು ಸುಗಂಧ ಹಚ್ಚಿದ ಕರವಸ್ತ್ರ. ಜೇಬಿನಿಂದ ಅದನ್ನು ಹೊರತೆಗೆದವನು ಸುತ್ತಲಿನವರಿಗೆಲ್ಲ, ಅವರ ಇಷ್ಟ ಕೇಳದೆ, ಅದನ್ನು ಉಣಿಸುತ್ತಾನೆ. ಬೇಡದ ನೋಟದಿಂದ ಕಣ್ಣು ತಿರುಗಿಸಬಹುದು, ಉಸಿರಾಟವನ್ನು ಎಲ್ಲಿಗೆ ತಿರುಗಿಸುವುದು?

ಕಾಂಟನ ಮಾತು ಸರಿ. ಆದರೆ ಧಾರವಾಡದ ಪಡಸಾಲೆಯಲ್ಲಿ ಕೂತವರೂ ಇದೇ ಮಾತನ್ನೇ ಆಡುತ್ತಿದ್ದರಲ್ಲ! ಅವರೂ ಮೂಗನ್ನೇ ಮುಂದಿಟ್ಟರು. ಮಾತು ಒಂದೇ ಆದರೂ ಅದರ ಹಿಂದಿದ್ದದ್ದು ಬೇರೆ. ಸಹೋದ್ಯೋಗಿಗೆ ಬೇಡವಾಗಿದ್ದದ್ದು ನೋವು. ಪಡಸಾಲೆಗೆ ಬೇಡವಾಗಿದ್ದದ್ದು ಅತ್ತೆ, ಅವಳು ಅಲ್ಲಿ ಇದ್ದಾಳೆ ಎಂದು ಅಷ್ಟು ಸ್ಪಷ್ಟವಾಗಿ ಗೊತ್ತಾಗುವುದು. ನೋವು ಎಂದವರ ಮಾತಿಗೆ ತಗ್ಗುವುದು ಸಭ್ಯತೆ. ನೀನು ಕಾಣಿಸಬೇಡ ಎಂದವರ ಮಾತಿಗೆ ತಗ್ಗಿದರೆ ಅದನ್ನು ಸಭ್ಯತೆ ಎನ್ನಲಾರೆ. ಕಷ್ಟವೆಂದರೆ, ಎರಡೂ ದೂರುಗಳು ಒಂದೇ ವಾಕ್ಯದಲ್ಲಿ ಬರುತ್ತವೆ. ಕೇಳಿದೊಡನೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ವಿಚಾರಿಸಬೇಕು. ನಾನು ವಿಚಾರಿಸದೆ ಎದ್ದು ಬಂದಿದ್ದೆ.

ತಪ್ಪು ಸರಿಮಾಡಲು ಕಪಾಟಿನ ಹಸಿರು ಸೀಸೆ ತೆಗೆದೆ. ಇಷ್ಟು ವರ್ಷಗಳ ಮೇಲೂ ಪರಿಮಳ ಕೆಟ್ಟಿರಲಿಲ್ಲ. ಇದಾದರೆ ಯಾರಿಗೂ ತೊಂದರೆಯಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡು ಒಂದು ವಾರ ಹಚ್ಚಿಕೊಂಡು ಹೋದೆ. ಕೊನೆಗೆ ನಾನೇ ಅವಳನ್ನು ಕಾಫಿಗೆ ಕರೆದು, ಮೊದಲು ಕ್ಷಮೆ ಕೇಳಿ, ಈಗ ಹೇಗಿದೆ ಎಂದೆ. “ಇದಕ್ಕೂ ಬರುತ್ತದೆ,” ಎಂದಳು, ಬಹಳ ಸಂಕೋಚದಿಂದ. ತಿಳಿಯಾದದ್ದು ನನ್ನ ಮೂಗಿಗೆ, ಅವಳ ತಲೆಗಲ್ಲ. ಚಿಕ್ಕಪ್ಪನೂ ನಾನೂ ಮಾಡಿದ್ದು ಒಂದೇ ತಪ್ಪು. ಕೇಳಬೇಕಾದವರನ್ನು ಕೇಳದೆ ಇಬ್ಬರೂ ಹಸಿರು ಸೀಸೆಗೆ ಕೈಹಾಕಿದ್ದೆವು.

ಈಗ ಆಫೀಸಿನ ದಿನಗಳಲ್ಲಿ ನಾನು ಏನನ್ನೂ ಹಚ್ಚುವುದಿಲ್ಲ. ಭಾನುವಾರ ನೇರಳೆ ಸೀಸೆ, ಪೂರ್ತಿ ಗಾಢವಾಗಿ. ಇದರಿಂದ ನಾನು ಕಿರಿದಾದೆ ಅನ್ನಿಸಿಲ್ಲ, ಏಕೆಂದರೆ ಯಾವಾಗ ಎಷ್ಟು ಎಂಬುದನ್ನು ಆರಿಸಿದವಳು ನಾನು, ಕಾರಣವೂ ನನಗೆ ಗೊತ್ತು.

ಪರಊರಿನಲ್ಲಿರುವ ನಮಗೆ ಇದು ಬರೀ ಸೆಂಟಿನ ಮಾತಲ್ಲ. ಊರಿಂದ ಅಮ್ಮನ ಫೋನ್ ಬಂದರೆ ಆಫೀಸಿನ ಮೆಟ್ಟಿಲ ಬಳಿ ಹೋಗಿ ಪಿಸುಗುಡುತ್ತೇವೆ. ಪಕ್ಕದವರ ಕೆಲಸ ಕೆಡಬಾರದೆಂದೋ, ನಮ್ಮ ಮಾತು ಕೇಳಿಸಬಾರದೆಂದೋ? ಡಬ್ಬಿಯಲ್ಲಿ ಬೆಳ್ಳುಳ್ಳಿ ಚಟ್ನಿ ಬಿಟ್ಟದ್ದು ಯಾರ ತಲೆನೋವಿಗಾಗಿ? ನಿಜವಾಗಿ ಯಾರದೋ ತಲೆ ನೋಯುತ್ತಿದ್ದರೆ ಬಿಡೋಣ, ಸಂತೋಷದಿಂದ. ಯಾರೂ ಕೇಳದೆಯೇ ಬಿಟ್ಟಿದ್ದರೆ ಇನ್ನೊಮ್ಮೆ ಯೋಚಿಸೋಣ.

ಮೊನ್ನೆ ಭಾನುವಾರ ಮಂಡಈ ಬಳಿ ಹೂವು ಕೊಂಡೆ. ನಮ್ಮ ಸುಗಂಧರಾಜಕ್ಕೆ ಇಲ್ಲಿ ನಿಶಿಗಂಧ ಎನ್ನುತ್ತಾರೆ. ಹೆಸರು ಬದಲಾದರೂ ಸಂಜೆಯಾಗುತ್ತಿದ್ದಂತೆ ಅದೇ ಘಮ, ಕಿತ್ತ ಮೇಲೂ ಬಿಡದ ಘಮ. ಅತ್ತೆಯ ಫೋಟೋಗೆ ಒಂದು ದಂಡೆ ಹಾಕಿದೆ. ಚಿಕ್ಕದು ಸಾಕೇ ಎಂದು ಹೂವಾಡಗಿತ್ತಿ ಕೇಳಿದ್ದಳು. ದೊಡ್ಡದೇ ಕೊಡಿ ಎಂದಿದ್ದೆ.