ಎಣಿಕೆಯೂ ಹೆಣಿಗೆಯೂ



ನುಡಿಯೊಂದು ನಡೆಯೊಂದಾದವರನ್ನು ಶರಣರು ಎಷ್ಟು ನಿಷ್ಠುರವಾಗಿ ಶೋಧಿಸಿದರೆಂಬುದು ವಚನಗಳನ್ನು ಓದಿದವರಿಗೆಲ್ಲ ವಿದಿತವಾದುದೇ. ಆದರೆ ನಾವು ಆ ಮಾತನ್ನು ಬಹುಮಟ್ಟಿಗೆ ಉಪನ್ಯಾಸಕಾರರಿಗೂ ಅಧಿಕಾರಸ್ಥರಿಗೂ ಅನ್ವಯಿಸಿ, ಮನೆಯಲ್ಲಿ ಕುಳಿತು ಕೈಗೆಲಸ ಮಾಡುವವರಿಗೆ ಅದರ ಬಾಧೆಯಿಲ್ಲವೆಂದು ಭಾವಿಸುತ್ತೇವೆ. ಒಬ್ಬರ ನುಡಿಯು ಮತ್ತೊಬ್ಬರ ಕೈಯಲ್ಲಿ ಅಕ್ಷರಶಃ ನಡೆಯಾಗಬೇಕಾದ ಕಾಯಕವೊಂದುಂಟು. ಅದು ಕ್ರೋಶಾ ಹೆಣಿಗೆಯ ನಮೂನೆಗಳನ್ನು ರಚಿಸಿ ಮಾರುವ ಕಾಯಕ. ಈ ತಿಂಗಳು ಅದನ್ನೇ ನಿಮ್ಮ ಮುಂದಿಡುತ್ತೇನೆ. ಧರ್ಮಚಿಂತನೆಯ ಪುಟದಲ್ಲಿ ಹೆಣಿಗೆಯ ಮಾತೇಕೆಂದು ಹಿರಿಯರು ಕೆಲವರು ಹುಬ್ಬುಗಂಟಿಕ್ಕಬಹುದು. ಹಗ್ಗ ಹೊಸೆದ ನುಲಿಯ ಚಂದಯ್ಯನನ್ನೂ, ಕದಿರು ತಿರುಗಿಸಿದ ರೆಮ್ಮವ್ವೆಯನ್ನೂ, ಸೂಜಿಕಾಯಕದ ರಾಮಿತಂದೆಯನ್ನೂ ತಮ್ಮವರೆಂದು ಕೂಡಿಸಿಕೊಂಡ ಶರಣಸಂಕುಲಕ್ಕೆ ನೂಲಿನ ಮಾತು ಎಂದೂ ಹೊರಗಿನದಾಗಿರಲಿಲ್ಲ.

ನಮ್ಮ ಪಾಠಶಾಲೆಯಲ್ಲಿ ಓದಿ ಈಗ ಗೃಹಿಣಿಯಾಗಿರುವ ಹೆಣ್ಣುಮಗಳೊಬ್ಬಳು ಕಳೆದ ಯುಗಾದಿಯಂದು ಈ ವ್ಯವಹಾರಕ್ಕೆ ಕೈಹಾಕಿದಳು. ವರ್ಷ ತುಂಬಿದ ಮೇಲೆ ತನ್ನ ಲೆಕ್ಕದ ಪುಸ್ತಕವನ್ನು ತಂದು, “ಗುರುಗಳೇ, ಒಮ್ಮೆ ನೋಡಿರಿ” ಎಂದಳು. ನೋಡಿದೆನು. ಆದಾಯದ ಪುಟಗಳಿಗಿಂತ ಕುಣಿಕೆಗಳ ಎಣಿಕೆಯ ಪುಟಗಳೇ ಅದರಲ್ಲಿ ಹೆಚ್ಚಾಗಿದ್ದವು. ತನ್ನ ಹೆಸರನ್ನು ಅಚ್ಚುಮಾಡುವುದಕ್ಕೆ ಆಕೆ ಒಪ್ಪಲಿಲ್ಲವಾದುದರಿಂದ ಹೆಸರಿಲ್ಲದೆಯೇ ಬರೆಯುತ್ತೇನೆ.

ಕ್ರೋಶಾ ಎಂದರೇನು? ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಸಣ್ಣ ಕೊಕ್ಕೆ ಎಂದರ್ಥ. (ಕೂಗಿಗೂ ದಾರಿಯ ಅಳತೆಗೂ ಸಲ್ಲುವ ಸಂಸ್ಕೃತದ ಕ್ರೋಶ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಕೇಳುವವರಿದ್ದಾರೆಂದು ಹೇಳಿದೆನು.) ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ಕಾದಿರುತ್ತವೆ. ಇಲ್ಲಿಯಾದರೋ ಕೊಕ್ಕೆಯೊಂದು, ದಾರವೊಂದು. ಒಂದು ಕುಣಿಕೆಯೊಳಗಿಂದ ಮತ್ತೊಂದನ್ನು ಎಳೆದು, ಅದನ್ನು ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು. ನಮ್ಮ ಮನೆಗಳ ಬಾಗಿಲ ತೋರಣ, ತಟ್ಟೆಯ ಮೇಲುಹೊದಿಕೆ, ಕೂಸಿನ ಕುಲಾವಿಗಳು ಹೀಗೆ ಹುಟ್ಟಿದವು. ನಿಜವಾದ ಕ್ರೋಶಾ ಹೆಣಿಗೆಯನ್ನು ಪೇಟೆಗಾಗಿ ತಯಾರಿಸುವ ಯಂತ್ರವು ಇನ್ನೂ ಬಳಕೆಗೆ ಬಂದಿಲ್ಲ. ಯಂತ್ರದಿಂದ ಬರುವುದು ಅದನ್ನು ಹೋಲುವ ಬೇರೆ ಬಗೆಯ ಜಾಳಿಗೆ. ಆದುದರಿಂದ ಪೇಟೆಯಲ್ಲಿ ಅಗ್ಗಕ್ಕೆ ದೊರೆಯುವ ಕ್ರೋಶಾ ಚೀಲವನ್ನು ಕಂಡಾಗ, ಅದರ ಒಂದೊಂದು ಕುಣಿಕೆಯನ್ನೂ ಯಾವಳೋ ಒಬ್ಬ ತಾಯಿ ಬೆರಳಿನಿಂದ ಎಳೆದಿದ್ದಾಳೆಂದು ತಿಳಿಯತಕ್ಕದ್ದು.

ನಮ್ಮ ಹೆಣ್ಣುಮಗಳು ಮಾರುವುದು ಕುಲಾವಿಯನ್ನಲ್ಲ, ಕುಲಾವಿಯನ್ನು ಹೆಣೆಯುವ ವಿಧಾನವನ್ನು ಸಾಲುಸಾಲಾಗಿ ಬರೆದ ನಮೂನೆಯನ್ನು. ಇದು ಹೊಸತಲ್ಲ. ೧೮೨೦ರ ದಶಕದಲ್ಲಿಯೇ ಡಚ್ಚರ ‘ಪೆನೆಲೊಪೆ’ ಎಂಬ ಪತ್ರಿಕೆಯಲ್ಲಿ ಕ್ರೋಶಾ ನಮೂನೆಗಳು ಅಚ್ಚಾದವು. ಎಲಿಯನೋರ್ ರೀಗೋ ಡ ಲಾ ಬ್ರಾಂಶಾರ್ಡಿಯೇರ್ ಎಂಬಾಕೆ ೧೮೪೦ರ ದಶಕದಿಂದ ಲಂಡನ್ನಿನಲ್ಲಿ ಹತ್ತಾರು ನಮೂನೆಯ ಪುಸ್ತಕಗಳನ್ನು ಪ್ರಕಟಿಸಿದಳು. ಅದೇ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರ ಕ್ಷಾಮವೊದಗಿದಾಗ, ಕ್ರೋಶಾ ಜಾಳಿಗೆಯ ಸಂಪಾದನೆಯಿಂದ ಅನೇಕ ಬಡ ಕುಟುಂಬಗಳು ಹೊಟ್ಟೆ ಹೊರೆದವು. ಇಂದು ಅಂಚೆಯ ಅಗತ್ಯವೂ ಇಲ್ಲ. ಎಟ್ಸಿ, ರಾವೆಲ್ರಿ ಮೊದಲಾದ ಅಂತರ್ಜಾಲದ ತಾಣಗಳಲ್ಲಿ ಹಣ ತೆತ್ತ ಕ್ಷಣವೇ ನಮೂನೆಯು ಕೊಂಡವರ ಮೊಬೈಲಿಗೆ ಇಳಿಯುತ್ತದೆ.

ಸಂಸ್ಕೃತದಲ್ಲಿ ಸೂತ್ರವೆಂದರೆ ದಾರವೂ ಹೌದು, ಅಲ್ಪ ಅಕ್ಷರಗಳಲ್ಲಿ ಬಹ್ವರ್ಥವನ್ನಡಗಿಸಿದ ನಿಯಮವೂ ಹೌದು. ಆಕೆಯ ಕಾಗದವನ್ನು ಓದಿದಾಗ ಈ ಎರಡು ಅರ್ಥಗಳೂ ಒಂದೆಡೆ ಸೇರಿದಂತಾಯಿತು. ಪಾಣಿನಿಯು ಅಚ್, ಹಲ್ ಎಂಬ ಪ್ರತ್ಯಾಹಾರಗಳಲ್ಲಿ ಸ್ವರವ್ಯಂಜನಗಳನ್ನೆಲ್ಲ ಕಟ್ಟಿಟ್ಟಂತೆ, ಇವರೂ ಒಂದೊಂದು ಬಗೆಯ ಕುಣಿಕೆಯನ್ನು ಎರಡೆರಡು ಅಕ್ಷರಗಳಲ್ಲಿ ಸಂಕ್ಷೇಪಿಸುತ್ತಾರೆ. ಮೊದಲು ಸಂಜ್ಞೆಗಳ ವಿವರ, ಕೊಕ್ಕೆಯ ದಪ್ಪವೆಷ್ಟು ಮಿಲಿಮೀಟರು, ದಾರವೆಷ್ಟು ಗ್ರಾಂ, ಹತ್ತು ಸೆಂಟಿಮೀಟರು ಅಗಲದಲ್ಲಿ ಎಷ್ಟು ಕುಣಿಕೆಗಳು ಬರಬೇಕು, ಅನಂತರ ಸುತ್ತುಗಳು, ಪ್ರತಿ ಸುತ್ತಿನ ತುದಿಯಲ್ಲಿ ಒಟ್ಟು ಎಣಿಕೆ. ಕನ್ನಡದಲ್ಲಿಯೂ ಎರಡು ನಮೂನೆಗಳನ್ನು ಬರೆದಿದ್ದಾಳೆ. ಅಲ್ಲಿ ಸಂಸ್ಕೃತದ ಹೆಸರುಗಳಿಗೆ ಹೋಗದೆ, ತನ್ನ ತಾಯಿ ಹೇಳುತ್ತಿದ್ದ ಸರಪಳಿ, ಕಂಬ ಎಂಬ ಮಾತುಗಳನ್ನೇ ಉಳಿಸಿಕೊಂಡಿದ್ದಾಳೆ. ವಚನಕಾರರು ಹಿಡಿದ ದಾರಿಯೂ ಇದೇ ಅಲ್ಲವೆ?

ಸೂತ್ರದ ಲಕ್ಷಣಗಳಲ್ಲಿ ಮುಖ್ಯವಾದುದು ಸಂದೇಹಕ್ಕೆಡೆಗೊಡದಿರುವುದು. ಈ ವಿಷಯದಲ್ಲಿ ಆಕೆಗೆ ಮೊದಲನೆಯ ಕಠಿಣ ಪರೀಕ್ಷೆ ಶ್ರಾವಣದಲ್ಲಿ ಒದಗಿತು. ಇಂಗ್ಲೆಂಡಿನ ಒಬ್ಬ ಮುದುಕಿ ಮೊಮ್ಮಗುವಿಗೆಂದು ಆಕೆಯ ಕುಲಾವಿಯ ನಮೂನೆಯನ್ನು ಕೊಂಡು, ನಾಲ್ಕು ಸಂಜೆ ಕುಳಿತು ಹೆಣೆದು, ಕುಲಾವಿಯು ಕಿವಿಯವರೆಗೂ ಇಳಿಯಲಿಲ್ಲವೆಂದು ಬರೆದಳು. ಕಾರಣವೇನು? ಅಮೆರಿಕದವರು ‘ಸಿಂಗಲ್ ಕ್ರೋಶಾ’ ಎನ್ನುವುದನ್ನೇ ಇಂಗ್ಲೆಂಡಿನವರು ‘ಡಬಲ್ ಕ್ರೋಶಾ’ ಎನ್ನುತ್ತಾರೆ. ನಮ್ಮವಳು ಅಮೆರಿಕದ ರೂಢಿಯಂತೆ ಡಬಲ್ ಎಂದು ಬರೆದು, ಯಾವ ದೇಶದ ರೂಢಿಯೆಂಬುದನ್ನು ಸೂಚಿಸಿರಲಿಲ್ಲ. ಮುದುಕಿಯು ತನ್ನ ದೇಶದ ಅರ್ಥವನ್ನು ಹಿಡಿದು ಗಿಡ್ಡ ಕುಣಿಕೆಗಳನ್ನು ಹಾಕಿದಳು, ಕುಲಾವಿಯೂ ಗಿಡ್ಡವಾಯಿತು. ಬರೆದವಳ ಮನಸ್ಸಿನಲ್ಲಿ ಅರ್ಥವು ಸ್ಪಷ್ಟವಿತ್ತು, ಓದಿದವಳ ಕೈಯೂ ನುರಿತದ್ದೇ. ನಡುವೆ ನುಡಿಯು ಮುಗ್ಗರಿಸಿತು.

“ದೂರಿದವಳು ಒಬ್ಬಳೇ. ಸದ್ದಿಲ್ಲದೆ ಕಾಗದವನ್ನು ತಿದ್ದಿಬಿಡು” ಎಂದು ಮನೆಯವರು ಸಲಹೆಯಿತ್ತರು. ಲೋಕರೂಢಿಯ ಸಲಹೆಯೇ ಸರಿ. ಆಕೆ ಎರಡು ದಿನ ಯೋಚಿಸಿ, ಅದುವರೆಗೆ ಆ ನಮೂನೆಯನ್ನು ಕೊಂಡ ಪ್ರತಿಯೊಬ್ಬರಿಗೂ ಕೊರತೆಯನ್ನು ತಿಳಿಸಿ ತಿದ್ದಿದ ಪ್ರತಿಯನ್ನು ಕಳುಹಿಸಿದಳು; ಮುದುಕಿಗೆ ಹಣವನ್ನು ಮರಳಿಸಿದಳು. ಕೆಲವರು ತಮ್ಮ ಹಣವನ್ನೂ ಕೇಳಿದರು, ಅದನ್ನೂ ಕೊಟ್ಟಳು. ಆ ತಿಂಗಳ ಲೆಕ್ಕದಲ್ಲಿ ಆದಾಯದ ಕಡೆ ಬಹುತೇಕ ಬರಿದಾಗಿಯೇ ಇದೆ. ಸತ್ಯವಂತರಿಗೆ ಕೂಡಲೇ ಲಾಭವಾಯಿತೆಂಬ ಕಥೆಗಳನ್ನು ನಾವು ಮಕ್ಕಳಿಗೆ ಹೇಳುವುದುಂಟು. ಇದು ಅಂಥ ಕಥೆಯಲ್ಲ. ಭಾದ್ರಪದದಲ್ಲಿಯೂ ಮಾರಾಟ ಮಂದವಾಗಿಯೇ ಇತ್ತು.

ವ್ಯವಹಾರವು ಬೆಳೆದುದು ದೀಪಾವಳಿಯ ಅನಂತರ. ಅಲ್ಲಿಂದ ಎರಡನೆಯ ಪರೀಕ್ಷೆ ಮೊದಲಾಯಿತು. ಒಂದು ನಮೂನೆಯನ್ನು ರಚಿಸಿದ ಮೇಲೆ ಆಕೆ ಅದನ್ನು ಬೇರೆಬೇರೆ ಊರುಗಳ ಮೂವರು ಹೆಂಗಸರಿಗೆ ಕಳುಹಿಸುತ್ತಾಳೆ. ಅವರು ಆ ಕಾಗದವೊಂದನ್ನೇ ನಂಬಿ, ಆಕೆಯನ್ನು ಏನನ್ನೂ ಕೇಳದೆ ಹೆಣೆಯಬೇಕು. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಮೂವರ ಕೈಯಲ್ಲಿಯೂ ಅಳತೆ ಕೂಡಿಬಂದಮೇಲೆಯೇ ಮಾರಾಟ. ಇದಕ್ಕೆ ಒಂದು ತಿಂಗಳಾದರೂ ಬೇಕು. ವರ್ಷದಲ್ಲಿ ಒಂಬತ್ತು ನಮೂನೆಗಳಾದವು. ಗಂಡನಾದವನು ವಾಣಿಜ್ಯ ಬಲ್ಲವನು. ಪರೀಕ್ಷೆಯನ್ನು ಬಿಟ್ಟರೆ ವಾರಕ್ಕೊಂದು ನಮೂನೆಯಾಗುವುದೆಂದು ಲೆಕ್ಕ ಹಾಕಿ ತೋರಿಸಿದನು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮಕ್ಕಳ ವಿದ್ಯಾಭ್ಯಾಸದ ಖರ್ಚು ಎದುರಿಗಿತ್ತು. ಅವನ ಆತುರವನ್ನು ಲೋಭವೆಂದು ನಾನು ಹೇಳಲಾರೆ.

ಆಕೆ ಅವನಿಗಿತ್ತ ಉತ್ತರವು ಕೊಕ್ಕೆಯ ಉತ್ತರವೇ ಆಗಿತ್ತು. ಚಪ್ಪಟೆಯಾದ ಚಕ್ರವನ್ನು ಹೆಣೆಯಬೇಕಾದರೆ ಅತಿ ಗಿಡ್ಡ ಕಂಬದ ಆರು ಕುಣಿಕೆಗಳಿಂದ ಆರಂಭಿಸಿ ಸುತ್ತಿಗೆ ಆರರಂತೆ ಹೆಚ್ಚಿಸಬೇಕು: ೬, ೧೨, ೧೮, ೨೪, ೩೦, ೩೬. ಹೆಚ್ಚಿಸುವುದು ಕಡಿಮೆಯಾದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಹೆಚ್ಚಿಸುವುದು ಅತಿಯಾದರೆ ಅಂಚಿಗೆ ಸ್ಥಳ ಸಾಲದೆ ಅಲೆಅಲೆಯಾಗಿ ಮುದುಡಿಕೊಳ್ಳುತ್ತದೆ. ಎರಡು ಚಕ್ರಗಳನ್ನು ಹೆಣೆದು ಊಟದ ಹೊತ್ತಿನಲ್ಲಿ ಗಂಡನ ಮುಂದಿಟ್ಟಳಂತೆ. (ಮುದುಡಿದ ಅಂಚನ್ನು ಕಂಡು ನಗಬೇಡಿರಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡೈನಾ ತೈಮಿನಾ ಎಂಬ ಗಣಿತಜ್ಞೆ ೧೯೯೭ರಲ್ಲಿ ಹೀಗೆಯೇ ಕ್ರಮಬದ್ಧವಾಗಿ ಕುಣಿಕೆಗಳನ್ನು ಹೆಚ್ಚಿಸಿ, ಕಾಗದದ ಮೇಲೆ ತೋರಿಸುವುದಕ್ಕೆ ಕಷ್ಟವಾದ ಒಂದು ಜ್ಯಾಮಿತಿಯ ತಲವನ್ನು ಕೈಯಲ್ಲಿ ಹಿಡಿಯುವಂತೆ ಮಾಡಿದಳು. ಅದು ಬೇಕೆಂದು ಮಾಡಿದ್ದು; ತಟ್ಟೆಯ ಹೊದಿಕೆಗೆ ಅದು ಸಲ್ಲದು.) ಕಡೆಗೆ ಗಂಡಹೆಂಡಿರ ನಡುವೆ ವಾರಕ್ಕೊಂದರ ಮಾತು ನಿಂತು, ಪರೀಕ್ಷಿಸುವವರಿಗೂ ಸಂಭಾವನೆ ಕೊಡುವುದೆಂದು ನಿಶ್ಚಯವಾಯಿತು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಗಂಡ ಮಾರಯ್ಯನು ಒಂದು ದಿನ ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹೇಳಿದಳೆಂಬ ಪ್ರಸಂಗವನ್ನು ನೀವೆಲ್ಲ ಕೇಳಿದ್ದೀರಿ. ಇದನ್ನು ಹೇಳುವವರು ಅನೇಕರು ದುಡಿಯುವವರಿಗೆ ಬಡತನವನ್ನೇ ಬೋಧಿಸಲು ಉಪಯೋಗಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಲಕ್ಕಮ್ಮನಿಗೆ ಮಾಡಿದ ಅನ್ಯಾಯ. ಆಕೆ ಬೇಡವೆಂದುದು ಅಂದಿನ ಅಗತ್ಯವನ್ನು ಮೀರಿದ ಆಶೆಯ ಕಾಳನ್ನು. ದುಡಿಮೆಗೆ ಸಲ್ಲುವ ಕಾಳನ್ನಲ್ಲ. ಸಲ್ಲಬೇಕಾದುದನ್ನು ಕಡಿಮೆ ಪಡೆಯುವುದೂ ಅಳತೆಗೆ ದ್ರೋಹವೇ.

ಈ ಮಾತನ್ನು ಏಕೆ ಒತ್ತಿ ಹೇಳುತ್ತೇನೆಂದರೆ, ಹೆಂಗಸರ ಕೈಗೆಲಸವನ್ನು ನಾವು ಹೊತ್ತುಕಳೆಯುವ ಕೆಲಸವೆಂದು ಕರೆದು ಅದರ ಬೆಲೆಯನ್ನು ಅಳಿಸಿಹಾಕುತ್ತೇವೆ. ಆಂಧ್ರದ ಗೋದಾವರಿ ತೀರದ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಕ್ರೋಶಾ ಜಾಳಿಗೆಯನ್ನು ಕಲಿಸಿದರು. ಅದು ಅಲ್ಲಿನ ಸಹಸ್ರಾರು ಸ್ತ್ರೀಯರ ಜೀವನಾಧಾರವಾಯಿತು. ಸರಕು ಸಮುದ್ರ ದಾಟಿ ಮಾರಾಟವಾಯಿತು. ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ ಅಲ್ಲಿ ಅಧ್ಯಯನ ನಡೆಸಿ ೧೯೮೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದುದೇನೆಂದರೆ: ದಿನದ ಬಹುಭಾಗ ಹೆಣೆಯುತ್ತಿದ್ದ ಆ ಸ್ತ್ರೀಯರನ್ನು ಎಲ್ಲರೂ ಗೃಹಿಣಿಯರೆಂದೇ ಎಣಿಸಿದರು, ಕೆಲಸವನ್ನು ಬಿಡುವಿನ ವೇಳೆಯದೆಂದರು, ಆ ಹೆಸರಿನಲ್ಲಿಯೇ ಕೂಲಿಯನ್ನು ತೀರ ಕೆಳಗಿಟ್ಟರು, ಲಾಭವು ವರ್ತಕರ ಪಾಲಾಯಿತು. ೨೦೨೪ರಲ್ಲಿ ನರಸಾಪುರದ ಜಾಳಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಊರಿನ ಹೆಸರಿಗೆ ಮಾನ ಬಂದುದು ಸಂತೋಷವೇ. ಬೆರಳುಗಳಿಗೆ ಬರುವ ಪಾಲನ್ನು ಬೇರೆಯಾಗಿ ವಿಚಾರಿಸಬೇಕು.

ನಮ್ಮವಳ ನಮೂನೆಗೆ ಬೆಲೆಯನ್ನು ಆಕೆಯೇ ಕಟ್ಟುತ್ತಾಳೆ. ಮೊದಲು ನಾಚಿ ತೀರ ಕಡಿಮೆಯಿಟ್ಟಿದ್ದಳು. ರಚನೆಗೆ, ಪರೀಕ್ಷೆಗೆ, ಚಿತ್ರಕ್ಕೆ, ತಾಣದವರ ಕಮಿಷನ್ನಿಗೆ ಹಿಡಿದ ಹೊತ್ತನ್ನೂ ಹಣವನ್ನೂ ಬರೆದು ಕೂಡಿಸಿದ ಮೇಲೆ ಏರಿಸಿದಳು. ಏರಿಸಿದುದು ಧರ್ಮವೇ ಆಯಿತು.

ಇನ್ನೊಂದು ಮಾತನ್ನು ನಮ್ಮ ಓದುಗರಿಗೇ ಹೇಳಬೇಕಾಗಿದೆ, ಕಹಿಯಾದರೂ ಸಹಿಸಿಕೊಳ್ಳಿರಿ. ಒಬ್ಬರು ಹಣ ಕೊಟ್ಟು ನಮೂನೆಯನ್ನು ಕೊಂಡು ವಾಟ್ಸಾಪಿನ ಭಜನಾ ಗುಂಪಿಗೆ ಹಾಕುತ್ತಾರೆ. ಅಲ್ಲಿಂದ ನೂರು ಜನರಿಗೆ ಅದು ಹೋಗುತ್ತದೆ. ಕೇಳಿದರೆ, ವಿದ್ಯೆಯನ್ನು ಹಂಚಿದರೆ ಹೆಚ್ಚುತ್ತದೆ, ಇದೂ ದಾಸೋಹವಲ್ಲವೆ ಎನ್ನುತ್ತಾರೆ. ಅಲ್ಲ. ದಾಸೋಹವು ತನ್ನ ಕಾಯಕದ ಫಲವನ್ನು ತಾನು ನೀಡುವುದು. ಮತ್ತೊಬ್ಬರ ಕಾಯಕದ ಫಲವನ್ನು ಅವರನ್ನು ಕೇಳದೆ ನೀಡಿ ಉದಾರಿಯೆನಿಸಿಕೊಳ್ಳುವುದಕ್ಕೆ ಬೇರೆ ಹೆಸರುಂಟು. ಬರೆದ ಬರಹವನ್ನೂ ರಚಿಸಿದ ಚಿತ್ರವನ್ನೂ ೧೯೫೭ರ ಕೃತಿಸ್ವಾಮ್ಯ ಕಾಯಿದೆ ರಕ್ಷಿಸುತ್ತದೆ. ಆದರೆ ಭಕ್ತನಾದವನಿಗೆ ಕಾಯಿದೆಯ ಭಯವೇ ಬೇಕೆ? ಹೆಣಿಗೆಯ ಕುಶಲತೆಯನ್ನು ಹಂಚುವುದಕ್ಕೆ ಯಾರೂ ಅಡ್ಡಿಯಿಲ್ಲ. ಆಕೆಯೇ ಪ್ರತಿ ಸೋಮವಾರ ಮಠದ ಪಡಸಾಲೆಯಲ್ಲಿ ಹುಡುಗಿಯರಿಗೆ ಕೊಕ್ಕೆ ಹಿಡಿಯಲು ಕಲಿಸುತ್ತಾಳೆ. ಚೌಕದ ಒಂದು ಸುಲಭ ನಮೂನೆಯನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾಳೆ. ಅದು ದಾಸೋಹ.

ಇತ್ತೀಚಿನ ವರ್ಷಗಳಲ್ಲಿ ಈ ಪೇಟೆಗೆ ವಿಚಿತ್ರವಾದ ಸರಕೊಂದು ಬಂದಿದೆ. ಕೃತಕ ಬುದ್ಧಿಯ ಯಂತ್ರವು ಕ್ಷಣದಲ್ಲಿ ಮನಮೋಹಕವಾದ ಹೆಣಿಗೆಯ ಬೊಂಬೆಯ ಚಿತ್ರವನ್ನು ಬರೆಯುತ್ತದೆ; ಜೊತೆಗೆ ನಮೂನೆಯನ್ನೂ ಉದುರಿಸುತ್ತದೆ. ಆ ಚಿತ್ರದ ಬೊಂಬೆಯನ್ನು ಯಾರೂ ಹೆಣೆದಿರುವುದಿಲ್ಲ. ಅಂಥ ಒಂದು ನಮೂನೆಯನ್ನು ಆಕೆ ನನಗೆ ತೋರಿಸಿದಳು. ಐದನೆಯ ಸುತ್ತಿನ ತುದಿಯಲ್ಲಿ ಮೂವತ್ತು ಕುಣಿಕೆಗಳೆಂದಿತ್ತು. ಹೇಳಿದಂತೆ ಹೆಣೆದರೆ ಇಪ್ಪತ್ತೇಳು. ವಾಕ್ಯವು ನಿರ್ದುಷ್ಟ, ಸಂಜ್ಞೆಗಳು ಶುದ್ಧ, ಸೂತ್ರದ ವೇಷ ಸಂಪೂರ್ಣ. ಹಿಂದೆ ಯಾವ ಕೈಯೂ ಇಲ್ಲ. ಹಣ ತೆತ್ತು ದಾರ ತಂದು ಕುಳಿತ ಬಡವಿ ತನ್ನ ಕೈಯೇ ತಪ್ಪಿತೆಂದು ಬಿಚ್ಚಿ ಬಿಚ್ಚಿ ಹೆಣೆಯುತ್ತಾಳೆ. ನಡೆಯಿಲ್ಲದ ನುಡಿ ಯಾರನ್ನು ನೋಯಿಸುತ್ತದೆಂಬುದನ್ನು ನಾನು ಇಷ್ಟು ಹತ್ತಿರದಿಂದ ಹಿಂದೆ ಕಂಡಿರಲಿಲ್ಲ.

ಹತ್ತನೆಯ ನಮೂನೆ, ಕೂಸಿನ ಕುಂಚಿಗೆಯದು, ಸಿದ್ಧವಾಗಿದೆ. ಇಬ್ಬರು ಪರೀಕ್ಷಿಸಿ ಸರಿಯೆಂದಿದ್ದಾರೆ. ಮೂರನೆಯಾಕೆ ಧಾರವಾಡದ ಕಡೆಯವಳು, ಬಾಣಂತಿತನಕ್ಕೆ ತವರಿಗೆ ಹೋಗಿದ್ದಾಳೆ. ಕೈ ಬಿಡುವಾದಾಗ ತನ್ನ ಕೂಸಿಗೇ ಹೆಣೆದು ತಿಳಿಸುವೆನೆಂದಿದ್ದಾಳೆ. ಕೊಳ್ಳುವವರು ಕೇಳುತ್ತಿದ್ದಾರೆ. ನಮ್ಮವಳು ಕಾಯುತ್ತಿದ್ದಾಳೆ.