ಬೀಗ ಹಾಕಿದ ಮೇಲಿನ ಕಾವಲು

2014ರ ಡಿಸೆಂಬರಿನಲ್ಲಿ ಮಂಡೂರಿಗೆ ಬೆಂಗಳೂರಿನ ಕಸದ ಲಾರಿಗಳು ಬರುವುದು ನಿಂತಿತು. ಅದೇ ವರ್ಷದ ಮಳೆಗಾಲದ ಆರಂಭದಲ್ಲಿ ಊರಿನವರು ರಸ್ತೆಗಿಳಿದು ಲಾರಿಗಳನ್ನು ತಡೆದಿದ್ದರು, ಸರ್ಕಾರ ಕೆಲವು ತಿಂಗಳ ಕಾಲಾವಕಾಶ ಕೇಳಿತ್ತು. ಅದಕ್ಕೆ ಎರಡು ವರ್ಷ ಹಿಂದೆ, 2012ರಲ್ಲಿ, ಯಲಹಂಕದ ಆಚೆಯ ಮಾವಳ್ಳಿಪುರದಲ್ಲೂ ಹೀಗೇ ಬಾಗಿಲು ಮುಚ್ಚಿತ್ತು. ಅಲ್ಲಿಗೆ ಹೋಗಬೇಕಿದ್ದ ಕಸದ ಭಾರವೂ ಆಗ ಮಂಡೂರಿನ ಮೇಲೆ ಬಿತ್ತು. ಮಂಡೂರು ಮುಚ್ಚಿದ ಮೇಲೆ ಲಾರಿಗಳು ಬೇರೆ ಊರುಗಳ ಕಲ್ಲುಕ್ವಾರಿಗಳ ದಾರಿ ಹಿಡಿದವು. ನಗರದ ಪಾಲಿಗೆ ಮಂಡೂರಿನ ಕಥೆ ಅಲ್ಲಿಗೆ ಮುಗಿಯಿತು.

ಲಾರಿ ನಿಂತದ್ದು ಕಸಕ್ಕೆ ಗೊತ್ತಾಗುವುದಿಲ್ಲ. ನಾವು ಎಸೆದ ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಬಾಳೆಲೆ ಎಲ್ಲವೂ ಪ್ಲಾಸ್ಟಿಕ್ ಚೀಲಗಳ ನಡುವೆ ಸಿಕ್ಕಿಕೊಂಡು, ಗಾಳಿಯಾಡದ ಆಳದಲ್ಲಿ ಕೊಳೆಯುತ್ತಲೇ ಇರುತ್ತವೆ. ಗಾಳಿ ಇಲ್ಲದ ಕಡೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಗುಡ್ಡದ ಮೇಲೆ ಸುರಿದ ಮಳೆ ಒಳಗಿಳಿದು, ಬ್ಯಾಟರಿಯ ಸೀಸವನ್ನೂ ಔಷಧಿಯ ಉಳಿಕೆಯನ್ನೂ ಕರಗಿಸಿಕೊಂಡು, ಕಪ್ಪು ರಸವಾಗಿ ಬುಡದಿಂದ ಹೊರಬರುತ್ತದೆ. ಆ ರಸಕ್ಕೆ ಇಂಗ್ಲಿಷಿನಿಂದ ಬಂದ ಲೀಚೇಟ್ ಎಂಬ ಹೆಸರೇ ಇಂದು ಎಲ್ಲರ ಬಾಯಲ್ಲೂ ಇದೆ. ಅದು ಇಳಿಜಾರು ಇದ್ದ ಕಡೆ ಹರಿಯುತ್ತದೆ, ಬಿರುಕು ಸಿಕ್ಕ ಕಡೆ ಇಂಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ನೆಲದಡಿಯ ನೀರು ಇರುವುದೇ ಬಂಡೆಯ ಬಿರುಕುಗಳಲ್ಲಿ. ಯಾವ ಬಿರುಕು ಯಾರ ಬೋರ್‌ವೆಲ್ಲಿಗೆ ಹೋಗಿ ಸೇರುತ್ತದೆಂದು ಮೇಲೆ ನಿಂತು ನೋಡಿದವರಿಗೆ ತಿಳಿಯುವುದಿಲ್ಲ. ಈ ಕೊಳೆಯುವ, ಇಂಗುವ ಕೆಲಸ ವರ್ಷಗಳಲ್ಲಿ ಮುಗಿಯದೆ ದಶಕಗಳವರೆಗೆ ನಡೆಯುತ್ತದೆ.

ಮುಚ್ಚಿದ ಕಸ ಏನು ಮಾಡಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಡರ್ಬಿಶೈರಿನ ಲಾಸ್ಕೋ ಎಂಬ ಹಳ್ಳಿ ಸಾಕ್ಷಿ. ಅಲ್ಲಿಯ ಹಳೆಯ ಕ್ವಾರಿಯೊಂದಕ್ಕೆ ಕಸ ತುಂಬಿಸಿ 1982ರಲ್ಲಿ ಮುಚ್ಚಿದ್ದರು. ನಾಲ್ಕು ವರ್ಷದ ಬಳಿಕ, 1986ರ ಮಾರ್ಚ್ 24ರ ಬೆಳಗಿನ ಜಾವ, ಹತ್ತಿರದ ಮನೆಯೊಂದು ಸ್ಫೋಟಗೊಂಡು ಪೂರ್ತಿ ಕುಸಿಯಿತು. ಒಳಗಿದ್ದ ಮೂವರು ಗಾಯಗೊಂಡರೂ ಬದುಕುಳಿದರು. ಆ ರಾತ್ರಿ ವಾಯುಭಾರ ಬಹಳ ಬೇಗ ಕುಸಿದಿತ್ತು. ಮೇಲಿನ ಒತ್ತಡ ಇಳಿದಾಗ ನೆಲದೊಳಗಿನ ಮೀಥೇನ್ ಬಂಡೆಯ ಬಿರುಕುಗಳಿಂದ ಹೊರಟು ಮನೆಯ ನೆಲದಡಿ ಸೇರಿಕೊಂಡಿತು. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟು ಬೆರೆತರೆ ಒಂದು ಕಿಡಿ ಸಾಕು. ಕಸದ ಗುಂಡಿ ಮುಚ್ಚಿಯಾಗಿತ್ತು, ಮೇಲೆ ಮಣ್ಣೂ ಬಿದ್ದಿತ್ತು. ಆ ಗಾಳಿ ಎತ್ತ ಹೊರಟಿದೆ ಎಂದು ಕಾದು ನೋಡುವ ಏರ್ಪಾಡು ಮಾತ್ರ ಇರಲಿಲ್ಲ. ಆ ದುರಂತದ ನಂತರವೇ ಬ್ರಿಟನ್ ಇಂಥ ಜಾಗಗಳ ಮೇಲೆ ನಿಗಾ ಬಿಗಿಗೊಳಿಸಿದ್ದು.

ನಮ್ಮಲ್ಲೂ ನಿಯಮ ಬರೆಯುವುದರಲ್ಲಿ ಕೊರತೆಯಾಗಲಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಕಸದ ಭೂಭರ್ತಿ ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ಅದನ್ನು ನೋಡಿಕೊಳ್ಳಬೇಕು ಎಂದವು. ಮೇಲಿನ ಹೊದಿಕೆ ಬಿರಿಯದಂತೆ, ಕಪ್ಪು ರಸ ಹೊರಗೆ ಹರಿಯದಂತೆ, ಅನಿಲ ಸುರಕ್ಷಿತವಾಗಿ ಹೊರಹೋಗುವಂತೆ ಕಾಯಬೇಕು. ಸುತ್ತಲಿನ ಅಂತರ್ಜಲವನ್ನು ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಮಳೆ ಮುಗಿದ ಮೇಲೆ ಪರೀಕ್ಷಿಸಬೇಕು. ಓದುವಾಗ ಸಮಾಧಾನವಾಗುತ್ತದೆ. ಆದರೆ ತಳಕ್ಕೆ ಹಾಸು ಹಾಕಿ, ರಸ ಹಿಡಿಯುವ ಕೊಳವೆ ಜೋಡಿಸಿ ಕಟ್ಟಿದ ಭೂಭರ್ತಿ ಒಂದು ಬಗೆ. ಖಾಲಿ ಜಾಗ ಕಂಡಲ್ಲಿ ಸುರಿದು ಬೆಳೆಸಿದ ಗುಡ್ಡ ಇನ್ನೊಂದು ಬಗೆ, ಅದರ ಬುಡದಲ್ಲಿ ಕಾಯಲು ಕೊಳವೆಯೇ ಇರುವುದಿಲ್ಲ. ನಮ್ಮ ಊರು ಊರಿನ ಹೊರವಲಯದಲ್ಲಿ ಹೆಚ್ಚು ಇರುವುದು ಎರಡನೆಯ ಬಗೆಯವೇ. ಅಂಥ ಕಡೆ ನಾಲ್ಕು ಲೋಡು ಮಣ್ಣು ಹಾಕಿಸಿ, ಬೇಲಿ ಎಬ್ಬಿಸಿ, ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ತಿಪ್ಪೆ ಸಾರಿಸುವ ಕೆಲಸ.

ಈಗ ಬಯೋಮೈನಿಂಗಿನ ಮಾತು ಎಲ್ಲ ಕಡೆ ಇದೆ. ಹಳೆಯ ಕಸವನ್ನು ಅಗೆದು, ಸಾಲು ಹಾಕಿ, ತಿರುವಿ ಒಣಗಿಸಿ, ಜರಡಿ ಹಿಡಿದು ಮಣ್ಣು, ಕಲ್ಲು, ಪ್ಲಾಸ್ಟಿಕ್ ಬೇರೆ ಮಾಡುವುದು. ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಯ ಒಲೆಗೆ ಕಳಿಸುವುದು. ಇದು ಆಗಬೇಕಾದ ಕೆಲಸವೇ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಪ್ರದೇಶದ ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿ, ಜನ ಮನೆ ಬಿಟ್ಟು ಹೋಗುವಂತಾದದ್ದನ್ನು ನೆನೆದರೆ, ಗುಡ್ಡಗಳು ಕರಗಲೇಬೇಕು ಅನ್ನಿಸುತ್ತದೆ. ಆದರೂ ನನ್ನ ಆತಂಕ ಒಂದೇ. ಗುಡ್ಡ ಕಣ್ಣಿಗೆ ಕಾಣದಾದ ದಿನ ನಮ್ಮ ನೆನಪೂ ಕರಗುತ್ತದೆ. ಬುಡದ ಮಣ್ಣು ವರ್ಷಗಟ್ಟಲೆ ಕುಡಿದ ವಿಷ ಜರಡಿಗೆ ಸಿಗುವುದಿಲ್ಲ. ಜರಡಿಯಿಂದ ಬಿದ್ದ ಮಣ್ಣನ್ನು ಪರೀಕ್ಷಿಸದೆ ಯಾವುದೋ ಹೊಲಕ್ಕೆ ಹೊಡೆದರೆ ಗುಡ್ಡ ಇನ್ನೊಬ್ಬರ ಜಮೀನಿಗೆ ಹೋಯಿತು, ಅಷ್ಟೇ.

ಶುಚಿ ಮಾಡುವುದಕ್ಕೆ ಟೆಂಡರ್ ಇದೆ, ಯಂತ್ರವಿದೆ, ಉದ್ಘಾಟನೆಯಿದೆ. ಕಾಯುವುದಕ್ಕೆ ಇವೊಂದೂ ಇಲ್ಲ. ಹದಿನೈದು ವರ್ಷದಲ್ಲಿ ಅಧಿಕಾರಿಗಳು ಹಲವು ಸಲ ವರ್ಗವಾಗುತ್ತಾರೆ, ಸರ್ಕಾರ ಬದಲಾಗುತ್ತದೆ, ಪಾಲಿಕೆಯ ಹೆಸರೂ ಬದಲಾಗುತ್ತದೆ. ಊರು ಮಾತ್ರ ಅಲ್ಲೇ ಇರುತ್ತದೆ, ಅದೇ ಬೋರ್‌ವೆಲ್ಲಿನ ನೀರಿನಲ್ಲಿ ಸೊಪ್ಪು ಬೆಳೆಯುತ್ತದೆ. ಆ ಕಸದಲ್ಲಿ ಊರಿನವರ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಅದು ನಮ್ಮದು, ಬೆಂಗಳೂರಿನಲ್ಲಿ ಆ ವರ್ಷಗಳಲ್ಲಿ ಒಲೆ ಹಚ್ಚಿದವರೆಲ್ಲರದು. ಕಸವನ್ನು ನಮ್ಮ ಮನೆಯಿಂದ ಹೊರಗೆ ಹಾಕುವ ಹಕ್ಕು ನಮಗಿತ್ತು ಎಂದುಕೊಂಡರೂ, ಇನ್ನೊಬ್ಬರ ನೆಲದಲ್ಲಿ ಇಟ್ಟು ಮರೆಯುವ ಹಕ್ಕು ಯಾರು ಕೊಟ್ಟರು?

ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬ ಹುದ್ದೆ ಇತ್ತು. ಕೆರೆ ತುಂಬಲಿ, ಬತ್ತಲಿ, ತೂಬು ನೋಡುವುದು, ಏರಿಯ ಮೇಲೆ ನಡೆದು ಬಿರುಕು ಹುಡುಕುವುದು, ಗದ್ದೆಗೆ ನೀರು ಹಂಚುವುದು ಅವನ ಕೆಲಸ. ಏರಿ ಒಡೆಯದ ವರ್ಷ ಅವನನ್ನು ಹೊಗಳಿದವರಿಲ್ಲ. ಆ ಕೆಲಸ ಬಹಳ ಕಡೆ ದಲಿತ ಮನೆತನಗಳ ಹೆಗಲಿಗೇ ಬಿತ್ತು, ಪ್ರತಿಫಲವಾಗಿ ಸಿಕ್ಕಿದ್ದು ಕಣದಲ್ಲಿ ಅಳೆದು ಕೊಟ್ಟ ಒಂದಿಷ್ಟು ಕಾಳು. ಆ ಅನ್ಯಾಯವನ್ನು ಬಿಟ್ಟು, ಆ ಎಚ್ಚರವನ್ನಷ್ಟೇ ಉಳಿಸಿಕೊಳ್ಳಬೇಕು. ಮುಚ್ಚಿದ ಪ್ರತಿ ಕಸದ ಗುಡ್ಡಕ್ಕೂ ಆ ಊರಿನವರೇ ಆದ ಒಬ್ಬ ಕಾವಲಿನ ನೌಕರ ಬೇಕು. ಕಾಯಂ ಸಂಬಳ, ತರಬೇತಿ, ಅನಿಲ ಅಳೆಯುವ ಉಪಕರಣ, ಜೊತೆಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕೊಡಬೇಕು. ಯಾವ ಬೋರ್‌ವೆಲ್ಲಿನ ನೀರು ಹೇಗಿದೆ, ಯಾವ ಮೂಲೆಯಲ್ಲಿ ಹೊಗೆ ಎದ್ದಿದೆ ಎಂಬುದೆಲ್ಲ ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ಊರಿನವರಿಗೆ ಅರ್ಥವಾಗುವ ಕನ್ನಡದಲ್ಲಿ ಬರಬೇಕು. ನೀರು ಕೆಟ್ಟಿದೆ ಎಂದು ಬರೆದ ದಿನವೇ ಆ ಮನೆಗಳಿಗೆ ಬೇರೆ ನೀರು ತಲುಪಬೇಕು.

ದುಡ್ಡು ಎಲ್ಲಿಂದ ಎಂದು ಕೇಳುವವರು ತಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಲಿ. ಕಸದ ಸೆಸ್ ಎಂದು ಒಂದು ಮೊತ್ತ ಅಲ್ಲಿದೆ. ಇಂದಿನ ಕಸ ಎತ್ತುವುದಕ್ಕೆ ಎಂದು ಕಟ್ಟುವ ಆ ಹಣದಲ್ಲಿ ನಿನ್ನೆಯ ಕಸಕ್ಕೆ ಒಂದು ಪಾಲು ಪ್ರತ್ಯೇಕ ಖಾತೆಯಲ್ಲಿ ನಿಲ್ಲಲಿ, ಬೇರೆ ಖರ್ಚಿಗೆ ಅದನ್ನು ಯಾರೂ ಮುಟ್ಟದಿರಲಿ. ಹದಿನೈದನೆಯ ವರ್ಷ ಮುಗಿದಾಗಲೂ ಗುಡ್ಡ ಅನಿಲ ಬಿಡುತ್ತಿದ್ದರೆ ಹದಿನಾರನೆಯ ವರ್ಷದ ಸಂಬಳವೂ ಅದೇ ಖಾತೆಯಿಂದ ಹೋಗಲಿ. ಮಂಡೂರಿನಲ್ಲಿ, ಮಾವಳ್ಳಿಪುರದಲ್ಲಿ, ಬರುವ ಮುಂಗಾರಿಗೆ ಮೊದಲೇ ಸುತ್ತಲಿನ ಬೋರ್‌ವೆಲ್ಲುಗಳ ಪಟ್ಟಿ ಮಾಡಿ, ಪ್ರತಿಯೊಂದರ ನೀರನ್ನೂ ಬಾಟಲಿಗೆ ಹಿಡಿದು ಪ್ರಯೋಗಾಲಯಕ್ಕೆ ಕಳಿಸುವುದರಿಂದ ಈ ಕೆಲಸ ಶುರುವಾಗಲಿ.